ಕನ್ಯಾ ನೋಡಲು ಹೋಗಿ ಜ್ವಾಲಾಮುಖಿ ಕೇಳಿದ್ದು

ಎಪ್ಪತ್ತರ ದಶಕದಲ್ಲಿ ನಾನು ಹಿರೇಕೆರೂರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಕಲಿಸುವುದಕ್ಕಿಂತ ಸಿಟ್ಟು ಮಾಡುವುದೇ ಹೆಚ್ಚು. ಜ್ವಾಲಾಮುಖಿಯನ್ನು ಕಂಡದ್ದು ಗೋಡೆಯ ಚಿತ್ರಪಟದಲ್ಲಿ ಮಾತ್ರ. ಆದರೆ ಅದರ ಬಾಯಿಯೊಳಗೆ ಇಣುಕಿ ಬಂದವನ ಹಾಗೆ ಮಾತಾಡುತ್ತಿದ್ದೆ.

ಆಗ ಅಪ್ಪನ ಜೊತೆ ಅಕ್ಕಿಆಲೂರಿಗೆ ಕನ್ಯಾ ನೋಡಲು ಹೋದೆ. ಹುಡುಗಿ ಹೈಸ್ಕೂಲು ಮುಗಿಸಿದ್ದಳು. ಅವಲಕ್ಕಿ ತಟ್ಟೆ ಇಟ್ಟು ಎದುರು ಕುಳಿತ ಕೂಡಲೇ ಮನಸ್ಸಿಗೆ ಬಂದಳು. ಬೇರೆ ವರಗಳು ಹಾಡು ಹೇಳಿಸುತ್ತಿದ್ದರು, ರಂಗೋಲಿ ಹಾಕಿಸುತ್ತಿದ್ದರು. ನಾನು ಮಾಸ್ತರನಲ್ಲವೇ, "ಜ್ವಾಲಾಮುಖಿ ಎಷ್ಟು ವಿಧ? ಹೇಳು" ಎಂದೆ.

"ಮೂರು ರೀ. ಆಗಾಗ ಸಿಡಿಯೂದು ಜಾಗೃತ, ಮಲಗಿದ್ದು ಸುಪ್ತ, ಪೂರಾ ಆರಿಹೋಗಿದ್ದು ಲುಪ್ತ."

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅವಳೂ ಒಂದು ಕೇಳಿದಳು: "ಮಲಗೇತೋ ಆರೇತೋ ಹೆಂಗ ಗೊತ್ತಾಗತೈತ್ರಿ?"

"ಹೊಗಿ ಬರಲಿಲ್ಲಂದ್ರ ಆರೇತಿ ಅಂತ" ಎಂದೆ ಠೀವಿಯಿಂದ.

"ಮಲಗಿದ್ದರಾಗೂ ಹೊಗಿ ಕಾಣೂದಿಲ್ಲಲ್ರಿ?"

ನನ್ನ ಪಿತ್ತ ನೆತ್ತಿಗೇರಿತು. "ಕಲಿಸಾಂವ ನಾನೋ ನೀನೋ?" ಎಂದು ಕ್ಲಾಸಿನ ದನಿಯಲ್ಲೇ ಗದರಿಸಿ, ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದುಬಿಟ್ಟೆ. ಅವಳ ತಂದೆ ಪಾಪ, ಎಲೆಅಡಿಕೆ ತಟ್ಟೆ ಹಿಡಿದು ನಿಂತೇ ಇದ್ದರು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ, "ಆ ಹುಡುಗಿ ಹೇಳಿದ್ದು ಖರೆ ಐತೋ ಸುಳ್ಳೋ?" ಎಂದು ಕೇಳಿದ.

"ಖರೆ."

"ಮತ್ತ ಯಾಕ ಸಿಟ್ಟಾದಿ?"

ಜ್ವಾಲಾಮುಖಿ ಆರಿದೆಯೆಂದು ನಂಬಿ ಬುಡದಲ್ಲೇ ಊರು ಕಟ್ಟಿಕೊಂಡವರು ಸುಟ್ಟುಹೋದ ಪಾಠವನ್ನು ಪ್ರತಿ ವರ್ಷ ನಾನೇ ಮಾಡುತ್ತಿದ್ದೆ. ಇಂಥ ಹುಡುಗಿಯನ್ನು ಕೈಯಾರೆ ಕಳೆದುಕೊಂಡೆನಲ್ಲ ಎಂದು ಸಂಕಟವಾಯಿತು. ನಮ್ಮೂರ ಬಸ್ಸು ಬಂದು ನಿಂತರೂ ಹತ್ತದೆ, ತಿರುಗಿ ಅವರ ಮನೆಗೆ ನಡೆದೆ.

ಅವಳು ಪಡಸಾಲೆಯಲ್ಲಿ ನನ್ನ ಅವಲಕ್ಕಿ ತಟ್ಟೆ ಎತ್ತುತ್ತಿದ್ದಳು.

"ನೀವು ಹೇಳಿದ್ದ ಖರೆ ಐತ್ರಿ. ಹೊರಗಿಂದ ನೋಡಿ ಹೇಳಾಕ ಬರೂದಿಲ್ಲ. ನಂದ ತಪ್ಪಾತು" ಎಂದೆ.

"ಮತ್ತೇನರ ಕೇಳೂದೈತೇನ್ರಿ?"

"ಇಲ್ಲರಿ. ಇನ್ನ ನೀವ ಕೇಳ್ರಿ."

ಅವಳು ತಂದೆಯ ಮುಖ ನೋಡಿದಳು. "ಸಿಟ್ಟು ಭಾಳ ಬರತೈತೇನ್ರಿ?"

ಸುಳ್ಳು ಹೇಳಬಹುದಿತ್ತು. "ದಿನಾ ಬರತೈತ್ರಿ" ಎಂದೆ.

"ಅಡ್ಡಿಯಿಲ್ಲ ಬಿಡ್ರಿ. ಜಾಗೃತ ಇದ್ದರ ಎಷ್ಟ ದೂರ ನಿಂದ್ರಬೇಕಂತಾದರೂ ಗೊತ್ತಿರತೈತಿ" ಎಂದು, ಎತ್ತಿದ ತಟ್ಟೆಯನ್ನು ಮತ್ತೆ ನನ್ನ ಮುಂದಿಟ್ಟಳು.