ಒದ್ದೆ ರಗ್ಗಿನ ಕೆಳಗೆ

ನಾವು ಬಂದು ನೆಲೆಸಿದ ಈ ದೇಶದ ಕೆಲಂತಾನ್ ರಾಜ್ಯದಲ್ಲಿ ದೊಡ್ಡ ಪ್ರವಾಹ ಬಂದ ಮರುವರ್ಷ ನನ್ನ ಮಗಳು ಮೈಯ ಶಾಖ ಗುರುತಿಸುವ ಕ್ಯಾಮೆರಾ ಒಂದನ್ನು ತಯಾರಿಸುತ್ತಿದ್ದಳು. ಡ್ರೋನಿಗೆ ಕಟ್ಟಿ ಹಾರಿಸಿದರೆ ನೀರಿನಲ್ಲಿ ಸಿಕ್ಕಿಕೊಂಡವರನ್ನು ಮೇಲಿನಿಂದಲೇ ಹುಡುಕಬೇಕು, ಅದು ಅವಳ ಆಸೆ. ಮನುಷ್ಯರು ಕಂಡರೆ ಅದು ಬೀಪ್ ಎಂದು ಸದ್ದು ಮಾಡುತ್ತಿತ್ತು. ಎಳೆಯರು ಅದಕ್ಕೆ ಬೇಗ ಸಿಗುತ್ತಿದ್ದರು. ಮುದುಕರ ಕೈಕಾಲು ತಣ್ಣಗಿರುತ್ತವಲ್ಲ, ಅಲ್ಲಿ ತಡವರಿಸುತ್ತಿತ್ತು. ಹಾಗಾಗಿ ಬಾಂಗ್ಸಾರ್‌ನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಪ್ರತಿ ಭಾನುವಾರ ನಾನು ರಗ್ಗು ಹೊದ್ದು ನೆಲದ ಮೇಲೆ ಮಲಗುವುದು, ಅವಳು ಸ್ಟೂಲ್ ಹತ್ತಿ ಕ್ಯಾಮೆರಾ ಹಿಡಿಯುವುದು.

"ಅಮ್ಮಾ, ನೀನು ಪರ್ಫೆಕ್ಟ್ ಸ್ಯಾಂಪಲ್ ಲಾ." ಇಲ್ಲಿಯವರಂತೆ ಅವಳ ಮಾತಿನ ಕೊನೆಗೂ ಒಂದು 'ಲಾ'.

"ನಿಮ್ಮಪ್ಪ ಒಂದು ದಿನಾನೂ ನನ್ನ ಪರ್ಫೆಕ್ಟ್ ಅನ್ನಲಿಲ್ಲ ಕಣೆ."

ಆಯುಧಪೂಜೆಯ ದಿನ ಕಾರು, ಮಿಕ್ಸಿಗಳ ಜೊತೆ ಆ ಕ್ಯಾಮೆರಾಕ್ಕೂ ಕುಂಕುಮ ಇಟ್ಟೆ. ಜೀವ ಉಳಿಸುವ ವಸ್ತು ಎಂದು ಎರಡು ಹೂವು ಹೆಚ್ಚೇ ಇಟ್ಟೆ.

ಎರಡು ವರ್ಷದ ಮೇಲೆ ಒಂದು ಭಾನುವಾರ ಅವಳು ರಗ್ಗನ್ನು ಬಕೆಟ್ಟಿನಲ್ಲಿ ಅದ್ದಿ ತಂದಳು. ಮರುದಿನ ಕ್ಯಾಮೆರಾ ಕೊಳ್ಳುವವರ ಎದುರು ಪರೀಕ್ಷೆಯಿತ್ತು.

"ಅಲ್ಲಿಯವರು ಒದ್ದೆ ಕಂಬಳಿ ಹೊದ್ದು ಅಡಗ್ತಾರಂತಮ್ಮ. ಅದರಲ್ಲೂ ಕಾಣಬೇಕು."

"ನೀರು ಬಂದಾಗ ಯಾರಾದರೂ ಅಡಗ್ತಾರೇನೆ?"

ಅವಳು ರಗ್ಗು ಹಿಂಡುತ್ತಲೇ ಇದ್ದಳು. ಆಮೇಲೆ, "ಕೊಳ್ತಿರೋದು ಒಂದು ಆರ್ಮಿ. ಯುದ್ಧ ನಡೀತಿದೆಯಲ್ಲ, ಅಲ್ಲಿಗೆ," ಎಂದಳು. "ರೆಸ್ಕ್ಯೂಗೂ ಯೂಸ್ ಮಾಡ್ತಾರೆ. ಆ ಕಡೆ ಬ್ಯಾಡ್ ಪೀಪಲ್ ಕೂಡ ಇದ್ದಾರೆ ಅಮ್ಮಾ."

"ಬ್ಯಾಡ್ ಯಾರು ಅಂತ ನಿನ್ನ ಕ್ಯಾಮೆರಾಗೆ ಗೊತ್ತಾಗುತ್ತಾ?"

"ಅದಕ್ಕೆ ಹೀಟ್ ಅಷ್ಟೇ ಗೊತ್ತು."

ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಸಂಜೆಯ ಪ್ರೇಯರ್ ಮುಗಿದ ಮೇಲೆ ಸಿಸ್ಟರ್ ನಮ್ಮ ಕಣ್ಣು ಮುಚ್ಚಿಸಿ, ಇವತ್ತು ಏನು ತಪ್ಪು ಮಾಡಿದೆವೆಂದು ನೆನೆಸಿಕೊಳ್ಳಲು ಹೇಳುತ್ತಿದ್ದರು. ಸುಳ್ಳು, ಕದ್ದ ಪೆನ್ಸಿಲ್, ಇಷ್ಟೇ ಆಗ ನಮ್ಮ ಸಿನ್. ಅಲ್ಲಾಡದೆ ನೆಲದ ಮೇಲೆ ಮಲಗುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಮುದುಕಿಯೊಬ್ಬಳು ಹೊದಿಕೆಯ ಕೆಳಗೆ ಹೇಗಿರುತ್ತಾಳೆಂದು ಆ ಕ್ಯಾಮೆರಾಕ್ಕೆ ಕಲಿಸಿದವಳು ನಾನೇ.

ಬೇಡ ಎನ್ನಬಹುದಿತ್ತು. ಹಟ ಮಾಡಿದರೆ ಬೇರೆ ಯಾರನ್ನಾದರೂ ಮಲಗಿಸುತ್ತಿದ್ದಳು. ಅವಳು ಬ್ಯಾಟರಿ ತರಲು ಕೋಣೆಗೆ ಹೋದಾಗ ಫ್ರೀಜರಿನಿಂದ ಮಂಡಿನೋವಿನ ಐಸ್ ಪ್ಯಾಕುಗಳು, ಬಟಾಣಿ ಪೊಟ್ಟಣ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಮೈಮೇಲೆ ಸಾಲಾಗಿ ಇಟ್ಟುಕೊಂಡು ಒದ್ದೆ ರಗ್ಗು ಎಳೆದುಕೊಂಡೆ. ಹಲ್ಲು ಕಟಕಟ ಎನ್ನುತ್ತಿತ್ತು. ಸ್ಟೂಲ್ ಕಿರುಗುಟ್ಟಿತು. ಕ್ಯಾಮೆರಾ ಸದ್ದು ಮಾಡಲಿಲ್ಲ. ಅವಳು ಆ ಕಡೆಯಿಂದ ಹಿಡಿದಳು, ಈ ಕಡೆಯಿಂದ ಹಿಡಿದಳು. ನಾನು ಅವಳಿಗೆ ಕಾಣಲಿಲ್ಲ. ಅಂಥ ಖುಷಿ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ರಗ್ಗು ಎತ್ತಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಮೊಬೈಲ್ ತೆಗೆದು ಐಸ್ ಪ್ಯಾಕುಗಳ ಫೋಟೊ ಹಿಡಿದಳು, ಒಂದೊಂದಾಗಿ.

"ಇದು ನಮ್ಮ ಟೀಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಏಳಬೇಡ, ಹಾಗೇ ಇರು. ಎಲ್ಲಿ ಗ್ಯಾಪ್ ಇದೆ ನೋಡ್ತೀನಿ."

"ನೀನು ಸೋಲಲಿ ಅಂತಲೇ ಮಾಡಿದ್ದು ಕಣೆ."

"ಗೊತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿಯವರೂ ಅದಕ್ಕೇ ಮಾಡೋದು."

ನಾನು ಏಳಲಿಲ್ಲ. ಮಂಡಿ ಮರಗಟ್ಟಿತ್ತು, ಯಾರಾದರೂ ಕೈ ಕೊಟ್ಟು ಎತ್ತಬೇಕಿತ್ತು. ಕೈ ಕೊಡುವವಳು ಅವಳೊಬ್ಬಳೇ. ಸಂಜೆಯವರೆಗೆ ಲ್ಯಾಪ್‌ಟಾಪಿನ ಮುಂದೆ ಕೂತು ಏನೇನೋ ತಿದ್ದಿದಳು. ಮೂರನೆಯ ಸಲ ಕ್ಯಾಮೆರಾ ಹಿಡಿದಾಗ ಸದ್ದು ಬಂತು. ನನ್ನ ಕುತ್ತಿಗೆಯ ಬಳಿ ಬೆರಳಗಲ ಜಾಗ ಬಿಟ್ಟುಹೋಗಿತ್ತಂತೆ, ಅಷ್ಟು ಸಾಕಾಯಿತಂತೆ.

ಆಮೇಲೆ ಬ್ರಿಕ್‌ಫೀಲ್ಡ್ಸ್‌ನ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಾಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದಳು. ಪೊಟ್ಟಣ ಬಿಚ್ಚಿ ನನ್ನ ಮುಂದಿಟ್ಟಳು. ಹಸಿವಾಗಿತ್ತು, ತಿಂದೆ.