ಕಂಪ್ಯೂಟರ್ ರೂಮಿನ ಬೀಗದಕೈ

ಸೀಗೆಪಾಳ್ಯದ ಸರ್ಕಾರಿ ಹೈಸ್ಕೂಲಿನ ಅಟೆಂಡರ್ ಜುಂಜಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಊರವರು ಇದನ್ನು ಬೈಗುಳದಂತೆ ಹೇಳುತ್ತಿದ್ದರು. ಆ ಕೋಪ ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳದೆ ಬಿಡುವವಳಲ್ಲ.

ಅವಳು ಹುಟ್ಟಿದ್ದು ಸಿರಾ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ, ಮದುವೆಯಾಗಿ ಬಂದದ್ದು ಮಧುಗಿರಿ ತಾಲ್ಲೂಕಿನ ಸೀಗೆಪಾಳ್ಯದ ಹಟ್ಟಿಗೆ. ಎರಡು ಕಡೆಯೂ ಕಟ್ಟಳೆ ಒಂದೇ. ಹೆಂಗಸು ಮುಟ್ಟಾದರೂ ಹೆತ್ತರೂ ಹಟ್ಟಿಯ ಬೇಲಿಯಾಚೆ ಗುಡಿಸಲಲ್ಲಿ ಇರಬೇಕು, ಏಕೆಂದರೆ ಬೇಲಿಯೊಳಗೆ ದೇವರಿದ್ದಾನೆ. ಜುಂಜಮ್ಮನ ಮೊದಲ ಕೂಸು ಹುಟ್ಟಿದ್ದು ಜಡಿಮಳೆಯಲ್ಲಿ, ಆ ಗುಡಿಸಲಲ್ಲಿ. ಒಂಬತ್ತನೇ ದಿನ ಥಂಡಿ ಹಿಡಿದು ಸತ್ತದ್ದೂ ಅಲ್ಲೇ. "ದೇವ್ರು ಕೊಟ್ಟ, ದೇವ್ರೇ ಕರ್ಕಂಡ, ಬುಡವ್ವ" ಎಂದ ಅತ್ತೆಗೆ, "ದೇವ್ರು ಒಳಗೆ ಬೆಚ್ಚಗೆ ಕುಂತಿದ್ನಲ್ಲ, ಅವನಿಗೇನು ಗೊತ್ತು?" ಅಂದುಬಿಟ್ಟಳು. ಅವತ್ತಿನಿಂದ ಅವಳಿಗೆ ಬಾಯಿಬಡುಕಿ ಅನ್ನುವ ಹೆಸರು ನಿಂತಿತು. ಮತ್ತೆ ಮಕ್ಕಳಾಗಲಿಲ್ಲ.

ಗಂಡ ಬೋರಣ್ಣ ಹೈಸ್ಕೂಲಿನ ಜವಾನನಾಗಿದ್ದ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಹಾವು ಕಚ್ಚಿ ತೀರಿಕೊಂಡ. ಅವನ ಕೆಲಸ ತನಗೆ ಬರಬೇಕು ಅಂತ ಜುಂಜಮ್ಮ ಎರಡು ವರ್ಷ ಮಧುಗಿರಿಗೂ ತುಮಕೂರಿಗೂ ಅಲೆದಳು, ಚಪ್ಪಲಿ ಸವೆಸಿದಳು, ಹೆಬ್ಬೆಟ್ಟು ಒತ್ತುವವಳು ಸಹಿ ಮಾಡುವುದನ್ನು ಕಲಿತಳು. ಕೆಲಸ ಸಿಕ್ಕಿದ ದಿನವೇ ಹಟ್ಟಿ ಬಿಟ್ಟು ಶಾಲೆಯ ಹಿಂದಿನ ಒಂಟಿ ಕೋಣೆಗೆ ಬಂದಳು. ಶಾಲೆಗೆ ಬೇಲಿ ಇರಲಿಲ್ಲ. ಕುರಿ, ಮೇಕೆ, ಮಕ್ಕಳು ಯಾರು ಯಾವ ಕಡೆಯಿಂದಾದರೂ ಬರಬಹುದಿತ್ತು. ಅದೇ ಅವಳಿಗೆ ದೊಡ್ಡ ಸಮಾಧಾನ.

ಹೀಗೆ ಹತ್ತು ವರ್ಷ ಗಂಟೆ ಬಾರಿಸಿದಳು, ಕಸ ಗುಡಿಸಿದಳು. ಶಾಲೆ ಎಂದರೆ ನಾಲ್ಕು ರೂಮು. ಮೂರಕ್ಕೆ ಒಡೆದ ಹೆಂಚು, ಒಂದಕ್ಕೆ ಮಾತ್ರ ತಾರಸಿ. ಕರಿಹಲಗೆಯ ಮೇಲೆ ಬರೆದರೆ ಅಕ್ಷರಕ್ಕಿಂತ ಗೀರೇ ಹೆಚ್ಚು ಕಾಣುತ್ತಿತ್ತು. ಹೊಸ ಹಲಗೆ ಕೊಡಿ ಎಂದು ಬರೆದ ಅರ್ಜಿಗೆ ಮೂರು ವರ್ಷವಾದರೂ ಉತ್ತರವಿಲ್ಲ. ಎಂಬತ್ತಾರರ ಜೂನಿನಲ್ಲಿ ಹಲಗೆಯ ಬದಲು ಕಂಪ್ಯೂಟರ್ ಬಂತು. ಸರ್ಕಾರದ ಹೊಸ ನೀತಿಯಂತೆ ಹಳ್ಳಿಯ ಮಕ್ಕಳೂ ಇಪ್ಪತ್ತೊಂದನೇ ಶತಮಾನಕ್ಕೆ ತಯಾರಾಗಬೇಕಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ಕಂಪ್ಯೂಟರಿಗೆ ಗಟ್ಟಿ ಸೂರಿನ ರೂಮು ಬೇಕು ಎಂದು ಆದೇಶದಲ್ಲಿತ್ತು. ಸರಿ, ತಾರಸಿ ರೂಮಿನಲ್ಲಿದ್ದ ಎಂಟನೇ ತರಗತಿಯ ಮಕ್ಕಳನ್ನು ಎಬ್ಬಿಸಿ ಬೇವಿನ ಮರದಡಿ ಕೂರಿಸಿದರು. ನೆಲಕ್ಕೆ ಜಮಖಾನ, ಕಿಟಕಿಗೆ ಪರದೆ, ಬಾಗಿಲಿಗೆ ಹಿತ್ತಾಳೆ ಬೀಗ ಬಂತು. ಒಂದು ಚಿಕ್ಕ ಟೀವಿ, ಅದರ ಮುಂದೆ ಟೈಪ್‌ರೈಟರಿನಂಥ ಗುಂಡಿಗಳ ಪೆಟ್ಟಿಗೆ, ಇಷ್ಟೇ ಸಾಮಾನು. ಹೆಡ್ಮಾಸ್ಟರ್ ಚನ್ನಮಲ್ಲಯ್ಯನವರು ಬೀಗದಕೈಯನ್ನು ಜುಂಜಮ್ಮನ ಕೈಗೆ ಕೊಟ್ಟು ಹೇಳಿದರು: "ದಿನಾ ಧೂಳು ಒರೆಸಬೇಕು. ಚಪ್ಪಲಿ ಹೊರಗೆ. ಒಳಗೆ ನೀರು, ತಿಂಡಿ ಏನೂ ಒಯ್ಯಕೂಡದು. ಹಾಗಂತ ಸರ್ಕಾರವೇ ಅಚ್ಚು ಹಾಕಿಸಿ ಕಳಿಸಿದೆ."

ಚನ್ನಮಲ್ಲಯ್ಯನವರು ಕೆಟ್ಟವರೇನಲ್ಲ. ಬಸವ ಜಯಂತಿ ದಿನ 'ಶರಣರಿಗೆ ಸೂತಕವಿಲ್ಲ' ಎಂದು ಒಂದು ಗಂಟೆ ಭಾಷಣ ಮಾಡುವವರು. ಮಿಕ್ಕ ಮುನ್ನೂರ ಅರವತ್ತನಾಲ್ಕು ದಿನ ಆ ಭಾಷಣ ಬೀರುವಿನಲ್ಲಿ ಇರುತ್ತಿತ್ತು.

ಕಂಪ್ಯೂಟರ್ ಕಲಿಸಲು ಮೂರು ವಾರ ತರಬೇತಿ ಪಡೆದು ಬಂದವರು ಗಣಿತದ ದಾಕ್ಷಾಯಣಮ್ಮ ಟೀಚರ್. ಕರೆಂಟು ಇದ್ದಾಗ ಹತ್ತು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು, ಹತ್ತೂ ಗಂಡುಹುಡುಗರು. ಹತ್ತನೇ ತರಗತಿಯ ಪುಟ್ಟಕ್ಕ ಕಿಟಕಿಯ ಸರಳು ಹಿಡಿದು ಹೊರಗೆ ನಿಂತು ನೋಡುತ್ತಿದ್ದಳು. ಈ ಪುಟ್ಟಕ್ಕ ಜುಂಜಮ್ಮನ ಹಟ್ಟಿಯವಳೇ, ಕುರಿ ಕಾಯುವ ಕ್ಯಾತಣ್ಣನ ಮಗಳು. ಆ ಹಟ್ಟಿಯಿಂದ ಹತ್ತನೇ ತರಗತಿ ಮುಟ್ಟಿದ ಮೊದಲ ಹೆಣ್ಣು. ಒಂದು ತಿಂಗಳು ಇದನ್ನು ನೋಡಿದ ಜುಂಜಮ್ಮ ತಡೆಯಲಾರದೆ, "ಟೀಚರಮ್ಮ, ಈ ಮಗಾನೂ ಸರ್ಕಾರದ್ದೇ ಅಲ್ವ? ಒಳಗೆ ಕರೀರಿ" ಅಂದಳು. ದಾಕ್ಷಾಯಣಮ್ಮ ನಾಚಿಕೊಂಡು ಕರೆದರು.

ಪುಟ್ಟಕ್ಕ ನಿಂತು ನಿಂತೇ ಅರ್ಧ ಕಲಿತಿದ್ದಳು. ಉಳಿದರ್ಧ ಹದಿನೈದು ದಿನದಲ್ಲಿ ಕಲಿತಳು. ಹದಿನೇಳರ ಮಗ್ಗಿಯನ್ನು ಆ ಪೆಟ್ಟಿಗೆಯಿಂದಲೇ ಹೇಳಿಸಿದಳು. ಒಂದು ದಿನ ಜುಂಜಮ್ಮ ಒರೆಸುವ ಬಟ್ಟೆ ಹಿಡಿದು ನಿಂತಿದ್ದಾಗ ಪಟಪಟ ಗುಂಡಿ ಒತ್ತಿದಳು. ಟೀವಿಯ ತುಂಬ ಮೇಲಿಂದ ಕೆಳಗೆ ಒಂದೇ ಸಾಲು ಮತ್ತೆ ಮತ್ತೆ ಓಡತೊಡಗಿತು.

"ಏನೇ ಅದು?"

"ನಿನ್ನ ಹೆಸರು ಕಣಕ್ಕ. ಇಂಗ್ಲಿಷಿನಲ್ಲಿ."

"ಯಾವ ಸಾಲಲ್ಲೈತೆ?"

"ಎಲ್ಲಾ ನಿಂದೇ."

ಜುಂಜಮ್ಮ ಬಟ್ಟೆಯಲ್ಲಿ ಮುಖ ಒರೆಸಿಕೊಂಡಳು. ಸಂಬಳದ ಪುಸ್ತಕದಲ್ಲಿ ಒಂದೇ ಸಲ, ಅದೂ ಸೊಟ್ಟಗೆ ಬರೆಯುತ್ತಿದ್ದ ಹೆಸರು ಅದು. ಈ ಹುಡುಗಿ ಎಸ್ಸೆಸ್ಸೆಲ್ಸಿ ದಾಟಲೇಬೇಕು ಎಂದು ಅವತ್ತು ಅವಳ ಮನಸ್ಸಿನಲ್ಲಿ ಗಟ್ಟಿಯಾಯಿತು.

ದಸರಾ ರಜೆಯ ಹಿಂದಿನ ದಿನ ಚನ್ನಮಲ್ಲಯ್ಯನವರು ಕಂಪ್ಯೂಟರಿಗೆ ಆಯುಧಪೂಜೆ ಇಟ್ಟುಕೊಂಡರು. ಟೀವಿಗೆ ಮೂರು ಪಟ್ಟೆ ವಿಭೂತಿ, ಗುಂಡಿಗಳ ಮೇಲೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ. ಕಾಯಿಯನ್ನು ಮೇಜಿನ ಅಂಚಿಗೇ ಕುಟ್ಟಿದರು. ಅದು ಒಂದೇ ಏಟಿಗೆ ಎರಡು ಹೋಳಾಗಿ, ಬೊಗಸೆ ನೀರು ಗುಂಡಿಗಳ ಸಂದಿನಲ್ಲಿ ಇಳಿದುಹೋಯಿತು.

"ಸಾಮಿ, ನೀರು ಒಳಕ್ಕೋತು!" ಎಂದು ಜುಂಜಮ್ಮ ಸೆರಗಿನಲ್ಲೇ ಒತ್ತತೊಡಗಿದಳು.

"ಅದು ನೀರಲ್ಲಮ್ಮ, ತೀರ್ಥ. ಏನೂ ಆಗಲ್ಲ. ಬೀಗ ಹಾಕು" ಎಂದರು ಅವರು.

ರಜೆ ಮುಗಿಯಿತು. ಮೊದಲ ದಿನದ ಮೊದಲ ಸರದಿ ಪುಟ್ಟಕ್ಕನದು. ಅವಳು ಒತ್ತಿದ ಗುಂಡಿ ಮೇಲೇಳಲಿಲ್ಲ. ಟೀವಿಯಲ್ಲಿ ಎರಡು ಗೆರೆ ಮೂಡಿ ಅಳಿಸಿಹೋದವು, ಅಷ್ಟೇ. ಮಾರನೆಯ ದಿನದಿಂದ ಪುಟ್ಟಕ್ಕ ಬರಲಿಲ್ಲ. ಹೆಡ್ಮಾಸ್ಟರು ವಿಚಾರಿಸಿದಾಗ ಜೊತೆಯ ಹುಡುಗಿಯರು ತಲೆ ತಗ್ಗಿಸಿ, ಗುಡಿಸಲಲ್ಲಿದ್ದಾಳೆ ಎಂದರು.

ಅಷ್ಟು ಸಾಕಾಯಿತು. ಬೆಳಗಿನ ಪ್ರಾರ್ಥನೆಯಲ್ಲಿ, ಇನ್ನೂರು ಮಕ್ಕಳ ಎದುರಿಗೆ, ಚನ್ನಮಲ್ಲಯ್ಯನವರು ಘೋಷಿಸಿದರು: "ಪೂಜೆ ಮಾಡಿದ ಯಂತ್ರ. ಮೈಲಿಗೆಯಲ್ಲಿ ಮುಟ್ಟಿದರೆ ಉಳಿಯುತ್ತದೆಯೇ? ಇನ್ನು ಮೇಲೆ ಹುಡುಗಿಯರು ಆ ರೂಮಿನ ಹೊಸಿಲು ತುಳಿಯಕೂಡದು." ಮೇಲಿನವರಿಗೆ ಕಾಗದ ಬರೆಯುವಾಗ ಮೈಲಿಗೆ ಅನ್ನಲು ಅವರಿಗೂ ನಾಚಿಕೆಯಾಗಿರಬೇಕು. 'ಸದರಿ ವಿದ್ಯಾರ್ಥಿನಿಯ ಅಜಾಗರೂಕತೆಯಿಂದ ಕೆಟ್ಟಿರುತ್ತದೆ, ಶಾಲೆಯಿಂದ ಅವಳ ಹೆಸರು ತೆಗೆಯಲಾಗುವುದು' ಎಂದು ಬರೆದರು.

ಕ್ಯಾತಣ್ಣನನ್ನು ಕರೆಸಿದರು. ಅವನು ಕಂಬಳಿ ಕಂಕುಳಲ್ಲಿಟ್ಟುಕೊಂಡು, ಆಫೀಸಿನ ಹೊರಗೇ ಕೈಮುಗಿದು ನಿಂತ. "ತಪ್ಪಾತು ಸಾಮಿ. ಹಟ್ಟಿ ದೇವ್ರೇ ಆಗ್ಲಿ, ಇಸ್ಕೂಲ್ ದೇವ್ರೇ ಆಗ್ಲಿ, ದೇವ್ರು ದೇವ್ರೇ. ಮಗೀನ ಬುಡಿಸ್ಬುಡ್ತೀನಿ. ಪಾವಗಡದ ಕಡೇಲಿ ಒಂದು ಗಂಡೈತೆ" ಅಂದ.

ಜುಂಜಮ್ಮನ ಮೈ ಉರಿದುಹೋಯಿತು. ಹಟ್ಟಿ ಬಿಟ್ಟು ಓಡಿಬಂದೆ ಅಂದುಕೊಂಡಿದ್ದಳು. ಹಟ್ಟಿಯೇ ಅವಳ ಹಿಂದೆ ಬಂದು ಶಾಲೆಯೊಳಗೆ ಬೇಲಿ ಹಾಕಿಕೊಂಡು ಕುಳಿತಿತ್ತು. ಹಟ್ಟಿಯ ಹಿರಿಯರಿಗಾದರೂ ಓದು ಇರಲಿಲ್ಲ. ಈ ಮನುಷ್ಯ ಬಿ.ಎಡ್. ಪಾಸು ಮಾಡಿದವರು! ಅವಳು ನೇರ ದಾಕ್ಷಾಯಣಮ್ಮನ ಹತ್ತಿರ ಹೋದಳು.

"ಕಾಯಿ ನೀರು ಬಿದ್ದಿದ್ದು ನೀವೂ ನೋಡಿದ್ರಲ್ಲ ಟೀಚರಮ್ಮ?"

"ನೋಡಿದೆ ಅಂತಾನೂ ಹೇಳಕ್ಕಾಗಲ್ಲ, ಇಲ್ಲ ಅಂತಾನೂ ಹೇಳಕ್ಕಾಗಲ್ಲ ಜುಂಜಮ್ಮ. ನಾನು ವರ್ಗ ಕೇಳಿ ಬರೆದ ಅರ್ಜಿ ಅವರ ಮೇಜಿನ ಮೇಲಿದೆ" ಎಂದು ಟೀಚರ್ ಅಡ್ಡಗೋಡೆ ಮೇಲೆ ದೀಪ ಇಟ್ಟರು.

"ಇಟ್ಕಳ್ಳಿ ನಿಮ್ಮ ವರ್ಗಾನ" ಎಂದು ಜುಂಜಮ್ಮ ಎದ್ದು ಬಂದಳು. ಅಲ್ಲಿಂದ ಹಟ್ಟಿಯಾಚೆಯ ಗುಡಿಸಲಿಗೆ ಹೋದಳು. ಪುಟ್ಟಕ್ಕ ಮೂಲೆಯಲ್ಲಿ ಮಂಡಿಗೆ ಮುಖವಿಟ್ಟು ಕುಳಿತಿದ್ದಳು. "ನನ್ನಿಂದ್ಲೇ ಕೆಟ್ಟೋಯ್ತಾ ಅಕ್ಕ?" ಎಂದು ಕೇಳಿದಳು. ಬೇರೆ ಯಾರು ಏನೇ ಅಂದಿದ್ದರೂ ಜುಂಜಮ್ಮ ಸಹಿಸಿಕೊಳ್ಳುತ್ತಿದ್ದಳೋ ಏನೋ, ಈ ಮಾತನ್ನು ಮಾತ್ರ ಸಹಿಸಲಿಲ್ಲ.

ವಾರದ ಮೇಲೆ ತುಮಕೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದರು, ಜೊತೆಗೊಬ್ಬ ಮೆಕ್ಯಾನಿಕ್. ಕಂಪ್ಯೂಟರನ್ನು ಕಟ್ಟಿಕೊಂಡು ಒಯ್ಯುವುದು, ಹುಡುಗಿಯ ಹೆಸರು ತೆಗೆಯುವ ಕಾಗದಕ್ಕೆ ಸಹಿ ಹಾಕುವುದು, ಗೊರವನಹಳ್ಳಿಯ ಮಹಾಲಕ್ಷ್ಮಿ ದರ್ಶನ ಮುಗಿಸಿ ಸಂಜೆಗೆ ಹಿಂತಿರುಗುವುದು ಅವರ ಲೆಕ್ಕ. ನೋಡಿದರೆ ಕಂಪ್ಯೂಟರ್ ರೂಮಿನ ಹೊಸಿಲ ಮೇಲೆ ಜುಂಜಮ್ಮ ಕಾಲು ಚಾಚಿ ಕುಳಿತಿದ್ದಾಳೆ, ಬೀಗದಕೈ ಕುಪ್ಪಸದೊಳಗೆ.

"ಏಳಮ್ಮ, ಬಾಗಿಲು ತೆಗಿ" ಎಂದರು ಚನ್ನಮಲ್ಲಯ್ಯ.

"ತೆಗೀತೀನಿ. ಆ ಗುಂಡಿ ಪೆಟ್ಟಿಗೆ ಇಲ್ಲೇ, ಎಲ್ಲಾರ ಎದುರಿಗೆ ಬಿಚ್ತೀವಿ ಅನ್ನಿ, ತೆಗೀತೀನಿ."

"ಕೆಲಸ ಕಳ್ಕೋತೀಯ!"

"ನನ್ ಗಂಡ ಸತ್ತು ಬಂದ ಕೆಲ್ಸ ಸಾಮಿ. ಓದ್ರೆ ಓಗ್ಲಿ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ. ನಾವು ಮೇಕೆ ಕಾಯೋರು, ಮೇಕೆ ಏನು ತಿಂತೈತೆ ಅಂತ ನಮಗೆ ಗೊತ್ತು. ಬಿಚ್ಚಿ!"

ಬೇವಿನ ಮರದಡಿಯಿಂದ ಎಂಟನೇ ತರಗತಿ ಎದ್ದು ಬಂತು, ಹೆಂಚಿನ ರೂಮುಗಳಿಂದ ಮಿಕ್ಕವರೂ ಬಂದರು. ಬಿಸಿಲು ಏರುತ್ತಿತ್ತು, ಸಾಹೇಬರಿಗೆ ದರ್ಶನದ ಹೊತ್ತು ಮೀರುತ್ತಿತ್ತು. "ಬಿಚ್ಚಯ್ಯಾ ಅತ್ಲಾಗೆ" ಎಂದು ಗದರಿದರು. ಮೆಕ್ಯಾನಿಕ್ ಪೆಟ್ಟಿಗೆಯನ್ನು ಜಗುಲಿಗೆ ತಂದು ತಿರುಪು ಬಿಚ್ಚಿದ. ಒಳಗೆ ಕುಂಕುಮ ಕೆಸರಾಗಿ ಒಣಗಿತ್ತು. ಒಂದು ಎಳೆ ಕಾಯಿನಾರು ಸಿಕ್ಕಿಕೊಂಡಿತ್ತು. ಸಂದು ಸಂದಿನಿಂದಲೂ ಕೆಂಪಿರುವೆ ಸಾಲುಗಟ್ಟಿ ಹೊರಬಿತ್ತು. ಮಕ್ಕಳು ಗೊಳ್ಳೆಂದು ನಕ್ಕರು. ಜುಂಜಮ್ಮ ನಗಲಿಲ್ಲ.

"ಇರುವೆಗಳು ಮುಟ್ಟಾಗಿದ್ವೇನೋ, ಕೇಳಿ ಸಾಮಿ" ಅಂದಳು.

ಹುಡುಗಿಯ ಕಾಗದವನ್ನು ಸಾಹೇಬರು ಹರಿದುಹಾಕಿದರು. ಪುಟ್ಟಕ್ಕನ ಹೆಸರು ಉಳಿಯಿತು, ಕ್ಯಾತಣ್ಣನೂ ಗಂಡಿನ ಮಾತು ಬಿಟ್ಟು ಅವಳನ್ನು ಶಾಲೆಗೆ ಕಳಿಸಿದ. ಆದರೆ ಹೆಡ್ಮಾಸ್ಟರ ಹೆಸರೂ ಕೆಡಬಾರದಲ್ಲ? 'ವಿದ್ಯುತ್ತಿನ ಏರುಪೇರಿನಿಂದ ಕೆಟ್ಟಿರುತ್ತದೆ' ಎಂದು ವರದಿ ಬರೆದರು. ಬಾಯಿಲ್ಲದ ಕರೆಂಟಿನ ಮೇಲೆ ತಪ್ಪು ಹೊರಿಸಿದರೆ ಯಾರು ಕೇಳುತ್ತಾರೆ? ಕಂಪ್ಯೂಟರ್ ರಿಪೇರಿಗೆ ಹೋಯಿತು, ಮತ್ತೆ ಬರಲಿಲ್ಲ. ಆದರೂ ರೂಮಿಗೆ ಬೀಗ ಹಾಗೆಯೇ ಇತ್ತು. ಖಾಲಿ ಮೇಜಿನ ಧೂಳನ್ನು ಜುಂಜಮ್ಮ ದಿನವೂ ಒರೆಸಬೇಕು, ಚಪ್ಪಲಿ ಹೊರಗೇ ಬಿಡಬೇಕು, ಹುಡುಗಿಯರು ಹೊಸಿಲು ತುಳಿಯುವಂತಿಲ್ಲ. ಎಂಟನೇ ತರಗತಿ ಬೇವಿನ ಮರದಡಿಯೇ ಇತ್ತು.

ಜನವರಿಯಲ್ಲಿ ಜುಂಜಮ್ಮನಿಗೆ ವರ್ಗದ ಆದೇಶ ಬಂತು. ಪಾವಗಡದಾಚೆ, ಆಂಧ್ರದ ಗಡಿಯ ಒಂದು ಶಾಲೆಗೆ. ಆಡಳಿತದ ಕಾರಣ ಎಂದಿತ್ತು. "ಬೀಗದಕೈ ಕೊಟ್ಟು ಹೊರಡು" ಎಂದರು ಚನ್ನಮಲ್ಲಯ್ಯ.

"ಒಂದು ಗಳಿಗೆ ಸಾಮಿ" ಎಂದು ಅವಳು ಹೊರಗೆ ಬಂದು ಗಂಟೆ ಬಾರಿಸಿದಳು. ಆಮೇಲೆ ತಾರಸಿ ರೂಮಿನ ಬೀಗ ತೆಗೆದು, ಎರಡು ಬಾಗಿಲನ್ನೂ ಗೋಡೆಗೆ ಬಡಿಯುವಂತೆ ದೂಡಿದಳು. ಜಮಖಾನ ಎಳೆದು ಅಂಗಳಕ್ಕೆ ಎಸೆದಳು. "ಎಂಟನೇ ಕ್ಲಾಸು! ಎದ್ದು ಬರ್ರಪ್ಪಾ, ನಿಮ್ ರೂಮು. ಚಪ್ಪಲಿ ಬುಡ್ಬ್ಯಾಡಿ!" ಎಂದು ಕೂಗಿದಳು. ಮಕ್ಕಳು ಬಂದು ಬಾಗಿಲ ಮುಂದೆ ಗುಂಪಾಗಿ ನಿಂತರು. ಒಳಗೆ ಹೋಗಲು ಯಾರಿಗೂ ಧೈರ್ಯವಿಲ್ಲ. ಹೆಡ್ಮಾಸ್ಟರು ಆಫೀಸಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಗುಂಪಿನ ಹಿಂದೆ ಪುಟ್ಟಕ್ಕ ಇದ್ದಳು. ಪರೀಕ್ಷೆ ಹತ್ತಿರವಿದ್ದುದರಿಂದ ಅವಳು ಗುಡಿಸಲಲ್ಲಿರುವ ದಿನಗಳಲ್ಲೂ ಶಾಲೆ ತಪ್ಪಿಸಬಾರದು ಎಂದು ಜುಂಜಮ್ಮ ಆಣೆ ಮಾಡಿಸಿಕೊಂಡಿದ್ದಳು. ಈಗ ಅವಳನ್ನು ಕೈಹಿಡಿದು ಮುಂದಕ್ಕೆ ತಂದಳು. ಹುಡುಗಿ ಹೊಸಿಲ ಹತ್ತಿರ ಕೈ ಬಿಡಿಸಿಕೊಂಡು ಹಿಂದೆ ಸರಿದಳು.

"ಬ್ಯಾಡ ಅಕ್ಕ. ನಾನು ಇವತ್ತು ಗುಡ್ಲಿಂದ ಬಂದಿದ್ದೀನಿ."

"ಗೊತ್ತು ಕಣೆ. ಅದುಕ್ಕೇ ನೀನೇ ಮೊದ್ಲು ಕಾಲಿಡು" ಎಂದಳು ಜುಂಜಮ್ಮ.

ಪುಟ್ಟಕ್ಕ ಒಮ್ಮೆ ಆಫೀಸಿನ ಕಡೆ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡೇ ಹೊಸಿಲು ದಾಟಿದಳು. ಅವಳ ಹಿಂದೆ ಎಂಟನೇ ತರಗತಿಯ ಮಕ್ಕಳೆಲ್ಲ ನುಗ್ಗಿದರು. ಜುಂಜಮ್ಮ ಬೀಗದಕೈಯನ್ನು ಹೆಡ್ಮಾಸ್ಟರ ಕೈಗೆ ಕೊಟ್ಟಳು, ಬೀಗವನ್ನು ಮಾತ್ರ ತನ್ನ ಗಂಟಿನಲ್ಲಿ ಹಾಕಿಕೊಂಡು ಪಾವಗಡದ ಬಸ್ಸಿಗೆ ನಡೆದಳು.