ಪಕ್ಕಪಕ್ಕ ಕೂರಬಾರದ ಇಬ್ಬರು

ಜಯನಗರ ನಾಲ್ಕನೇ ಟಿ ಬ್ಲಾಕಿನ ತಿರುಮಲೇಶ ಮೇಷ್ಟ್ರಿಗೆ ಎ, ಬಿ, ಸಿ ಎಂದರೆ ಅಲರ್ಜಿ. ‘ಎ ಎಂಬವನು ಬಿ ಪಕ್ಕದಲ್ಲಿ ಕೂರದಂತೆ’ ಎಂದು ಪುಸ್ತಕದಲ್ಲಿದ್ದರೆ, “ಯಾರೋ ಇವನು ಎ? ಇವನಿಗೆ ಅಪ್ಪ ಅಮ್ಮ ಹೆಸರೇ ಇಡ್ಲಿಲ್ವಾ?” ಎಂದು ನಗಿಸಿ, ಎದುರಿಗೆ ಕೂತ ಮಕ್ಕಳ ಹೆಸರನ್ನೇ ಲೆಕ್ಕಕ್ಕೆ ಎಳೆದು ತರುತ್ತಿದ್ದರು. ಕಾಲೇಜಿನಲ್ಲಿದ್ದಾಗಲೂ ಹೀಗೆಯೇ, ನಿವೃತ್ತರಾಗಿ ಮನೆಯ ಹಾಲಿನಲ್ಲಿ ಸಿಇಟಿ ಟ್ಯೂಷನ್ ಶುರು ಮಾಡಿದ ಮೇಲೂ ಹೀಗೆಯೇ. ಕ್ರಮಯೋಜನೆ, ವಿಕಲ್ಪ ಎಂದರೆ ಬೆವರುವ ಹುಡುಗರು ಕೂಡ ತಮ್ಮ ಹೆಸರು ಕೇಳಿದೊಡನೆ ನೆಟ್ಟಗೆ ಕೂರುತ್ತಿದ್ದರು. ಮೇಷ್ಟ್ರಿಗೆ ಇದರ ಬಗ್ಗೆ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು.

ಇನ್ನೊಂದು ಹೆಮ್ಮೆಯೂ ಇತ್ತು. ಅವರ ಮನೆಗೆ ಯಾರು ಬಂದರೂ ಹಾಲಿನಲ್ಲೇ ಕೂರಬೇಕು, ಹೆಂಡತಿ ಸತ್ಯಭಾಮಾ ಎಲ್ಲರಿಗೂ ಒಂದೇ ತರಹದ ಲೋಟದಲ್ಲಿ ಮಜ್ಜಿಗೆ ಕೊಡಬೇಕು. “ನಮ್ಮನೇಲಿ ಅದೆಲ್ಲ ಇಲ್ಲಪ್ಪಾ” ಎಂದು ಅವರು ವಾಕಿಂಗ್ ಸ್ನೇಹಿತರ ಮುಂದೆ ಆಗಾಗ ಹೇಳುತ್ತಿದ್ದರು. ಇಲ್ಲದ್ದನ್ನು ಇಷ್ಟು ಸಲ ಯಾಕೆ ಹೇಳಬೇಕು ಎಂದು ಅವರೂ ಕೇಳಿಕೊಳ್ಳಲಿಲ್ಲ, ಸ್ನೇಹಿತರೂ ಕೇಳಲಿಲ್ಲ.

ಈ ವರ್ಷದ ಬ್ಯಾಚಿನಲ್ಲಿ ಎಂಟು ಜನ. ಅವರಲ್ಲಿ ಚುರುಕು ಎಂದರೆ ಸಂಘಮಿತ್ರಾ. ಸುದ್ದಗುಂಟೆಪಾಳ್ಯದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ತಾತನ ಕಾಲದಲ್ಲೇ ಬೌದ್ಧರಾದ ದಲಿತ ಕುಟುಂಬ. ಅಪ್ಪ ಪ್ರಸನ್ನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಈ ಹುಡುಗಿಗೆ ಒಳ್ಳೆಯ ರ‍್ಯಾಂಕು ಬಂದೇ ಬರುತ್ತದೆ, ಸರ್ಕಾರಿ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕೇ ಸಿಗುತ್ತದೆ ಎಂದು ಮೇಷ್ಟ್ರು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದರು. ಪರೀಕ್ಷೆಗೆ ಒಂದು ತಿಂಗಳಿತ್ತು. ಸಂಭವನೀಯತೆಯ ಅಧ್ಯಾಯ ಅರ್ಧ ಉಳಿದಿತ್ತು.

ಅವತ್ತಿನ ಲೆಕ್ಕ ತೀರಾ ಮಾಮೂಲಿಯದು. ಎಂಟು ಜನ ಸಾಲಾಗಿ ಗ್ರೂಪ್ ಫೋಟೊಗೆ ಕೂರಬೇಕು, ಇಬ್ಬರು ಮಾತ್ರ ಪಕ್ಕಪಕ್ಕ ಬರಕೂಡದು.

“ನಚಿಕೇತ, ಸಂಘಮಿತ್ರಾ. ಇವರಿಬ್ಬರು ಪಕ್ಕಪಕ್ಕ ಕೂರೋ ಹಾಗಿಲ್ಲ. ಎಷ್ಟು ರೀತಿ?” ಎಂದರು ಮೇಷ್ಟ್ರು.

ನಚಿಕೇತ ಪಕ್ಕದ ರಸ್ತೆಯ ಹುಡುಗ, ಬಾಯಿಗೆ ಬೀಗವಿಲ್ಲದವನು. “ಕೂತ್ರೆ ಮೈಲಿಗೆ ಆಗುತ್ತಾ ಸಾರ್?” ಅಂದುಬಿಟ್ಟ.

ಹಾಲೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ದೊಡ್ಡ ನಗುವೇನಲ್ಲ, ಮೂಗಿನಿಂದ ಬಂದ ಒಂದು ಹುಂ. ಆದರೆ ನಕ್ಕರು. ಆಮೇಲೆ “ಸಾಕು, ಲೆಕ್ಕ ನೋಡಿ” ಎಂದರು.

“ಮೂವತ್ತು ಸಾವಿರದ ಇನ್ನೂರ ನಲವತ್ತು” ಎಂದಳು ಸಂಘಮಿತ್ರಾ. ಉಳಿದವರು ಇನ್ನೂ ನಗುತ್ತಿದ್ದರು. ಉತ್ತರ ಸರಿಯಾಗಿತ್ತು. ಮಾರನೆಯ ದಿನ ಅವಳು ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ.

ಫೋನ್ ಮಾಡಿದರೆ ಪ್ರಸನ್ನ ಎತ್ತಿದ. “ಮನೇಲೇ ಓದ್ಕೋತಾಳಂತೆ ಸಾರ್. ನಿಮ್ಮಿಂದ ತುಂಬ ಉಪಕಾರ ಆಯ್ತು” ಎಂದ. ಬೈದಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು. ಆ ಉಪಕಾರ ಎಂಬ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ಮೀನು ತಿನ್ನದ ಮನುಷ್ಯ, ಆದರೂ ಹಾಗೇ ಅನ್ನಿಸಿತು. ಊಟ ಸೇರಲಿಲ್ಲ. ಬಡಿಸಿದ ತಟ್ಟೆ ಬಡಿಸಿದ ಹಾಗೇ ಅಡುಗೆಮನೆಗೆ ವಾಪಸು ಹೋಯಿತು.

“ನಾನೇನು ಬೇಕಂತ ಅಂದ್ನಾ? ಹುಡುಗ ಏನೋ ಅಂದ, ನಗು ಬಂತು” ಎಂದು ಹೆಂಡತಿಯ ಮುಂದೆ ವಾದಿಸಿದರು.

ಸತ್ಯಭಾಮಾ ಹುರುಳಿಕಾಯಿ ಮುರಿಯುತ್ತಿದ್ದವರು ತಲೆ ಎತ್ತಲಿಲ್ಲ. “ನನ್ ಹತ್ರ ಯಾಕ್ ಹೇಳ್ತೀರಿ? ನಾನೇನು ಟ್ಯೂಷನ್ ಬಿಟ್ಟಿದೀನಾ? ಅಲ್ಲಿ ಹೋಗಿ ಹೇಳಿ.”

ಭಾನುವಾರ ಬೆಳಿಗ್ಗೆ ಮೇಷ್ಟ್ರು ಆಟೊ ಹಿಡಿದು ಹೊರಟರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು. ನಕ್ಕಿದ್ದು ತಪ್ಪು, ನಚಿಕೇತನಿಗೆ ಬೈಯುತ್ತೇನೆ, ಒಂದು ಕ್ಷಣದ ಅವಿವೇಕ, ಮರೆತುಬಿಡು. ಕೇಳಲು ಚೆನ್ನಾಗಿತ್ತು. ಇಷ್ಟಾದರೂ ಏನೋ ಒಂದು ಬಿಟ್ಟುಹೋಗಿದೆ ಅನ್ನಿಸುತ್ತಿತ್ತು, ಏನೆಂದು ಅವರಿಗೆ ತಿಳಿಯಲಿಲ್ಲ.

ಪ್ರಸನ್ನನ ಮನೆ ಮೊದಲ ಮಹಡಿಯಲ್ಲಿತ್ತು. ಅವನು ಗಾಬರಿಯಿಂದಲೇ ಕುರ್ಚಿ ಒರೆಸಿ ಕೊಟ್ಟ. ಅವನ ಹೆಂಡತಿ ಜಯಾ ಕಾಫಿ ತಂದಿಟ್ಟು, “ಕುಡೀತೀರಾ ಸಾರ್?” ಎಂದು ಮೆಲ್ಲಗೆ ಕೇಳಿದಳು. ಅತಿಥಿಗೆ ಕಾಫಿ ಕೊಡುವವರು ಕೇಳುವ ಪ್ರಶ್ನೆಯಲ್ಲ ಅದು. ಮೇಷ್ಟ್ರು ಬಿಸಿಬಿಸಿ ಕಾಫಿಯನ್ನು ಗಟಗಟನೆ ಕುಡಿದು ನಾಲಿಗೆ ಸುಟ್ಟುಕೊಂಡರು.

ಸಂಘಮಿತ್ರಾ ಬಂದು ಎದುರಿಗೆ ಕೂತಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ.

“ಅವತ್ತು ನಗಬಾರದಿತ್ತಮ್ಮಾ. ತಪ್ಪಾಯ್ತು” ಎಂದರು ಮೇಷ್ಟ್ರು.

“ನಗು ಬಿಡಿ ಸಾರ್. ಕಾಲೇಜಲ್ಲೂ ನಗ್ತಾರೆ. ಇನ್ನೊಂದು ಕೇಳ್ಲಾ? ಲೆಕ್ಕಕ್ಕೆ ಹೆಸರು ಹೇಗೆ ಆರಿಸ್ತೀರಿ?”

“ಹೇಗೆ ಅಂದ್ರೆ? ಸುಮ್ನೆ, ಬಾಯಿಗೆ ಬಂದಿದ್ದು.”

“ಅಂದ್ರೆ ಎಂಟರಲ್ಲಿ ಯಾವ ಇಬ್ರು ಬೇಕಾದ್ರೂ ಬರಬಹುದು. ಅಲ್ವಾ ಸಾರ್?”

“ಹೌದಮ್ಮ, ಯಾರು ಬೇಕಾದ್ರೂ.”

“ಪಕ್ಕಪಕ್ಕ ಕೂರಬಾರದು ಅನ್ನೋ ಲೆಕ್ಕ ಐದು ಕೊಟ್ಟಿದೀರಿ ಸಾರ್. ದುಂಡು ಮೇಜು. ಸಿನಿಮಾ ಟಾಕೀಸು. ಟೆಂಪೊ ಟ್ರಾವೆಲರ್. ಮದುವೆ ಊಟದ ಪಂಕ್ತಿ. ಮೊನ್ನೆಯ ಫೋಟೊ. ಒಂದ್ಸಲ ಮೈತ್ರೇಯಿ ಜೊತೆ, ಒಂದ್ಸಲ ವಸಿಷ್ಠನ ಜೊತೆ, ಜೊತೆಗಿರೋರು ಬದಲಾಗ್ತಿದ್ರು. ಐದೂ ಸಲ ದೂರ ಕೂತವಳು ನಾನು.”

ಮೇಷ್ಟ್ರು ಐದೂ ಲೆಕ್ಕಗಳನ್ನು ಬೆರಳು ಮಡಿಸಿ ಎಣಿಸಿಕೊಂಡರು.

“ಎಂಟರಲ್ಲಿ ಇಬ್ಬರನ್ನ ಆರಿಸೋಕೆ ಇಪ್ಪತ್ತೆಂಟು ರೀತಿ. ಅದ್ರಲ್ಲಿ ನಾನಿರೋ ಜೋಡಿ ಏಳು. ಅಂದ್ರೆ ನಾಲ್ಕರಲ್ಲಿ ಒಂದು ಸಂಭವ. ಐದು ಸಲಾನೂ ನಾನೇ ಬರಬೇಕು ಅಂದ್ರೆ ಸಾವಿರದ ಇಪ್ಪತ್ನಾಲ್ಕರಲ್ಲಿ ಒಂದು.” ಅವಳು ಮೇಷ್ಟ್ರನ್ನೇ ನೋಡಿದಳು. “ಎಲ್ಲಾದ್ರೂ ತಪ್ಪು ಮಾಡಿದೀನಾ ಸಾರ್?”

ತಿರುಮಲೇಶ ಮೇಷ್ಟ್ರು ಜೀವಮಾನವಿಡೀ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿದವರು. ಈಗಲೂ ಹುಡುಕಿದರು, ಮುಳುಗುವವನ ಹಾಗೆ ಹುಡುಕಿದರು. ಒಂದು ಸಂದಿ ಸಿಕ್ಕಿತು: ಇವಳು ಮುಂದೆ ಕೂರುತ್ತಾಳೆ, ಹಾಗಾಗಿ ಇವಳ ಹೆಸರೇ ಬಾಯಿಗೆ ಬಂದಿರಬಹುದು. ಆದರೆ ತಂಡದ ನಾಯಕನನ್ನು ಆರಿಸುವ ಲೆಕ್ಕ, ಬಹುಮಾನ ಹಂಚುವ ಲೆಕ್ಕ, ಗಾಡಿ ಓಡಿಸುವವನ ಲೆಕ್ಕ ಎಷ್ಟೋ ಕೊಟ್ಟಿದ್ದರು. ಅಲ್ಲೆಲ್ಲ ಇವಳ ಹೆಸರು ಒಂದು ಸಲವೂ ಬಾಯಿಗೆ ಬಂದಿರಲಿಲ್ಲ. ದೂರ ಕೂರಿಸಬೇಕಾದಾಗ ಮಾತ್ರ ಬಂದಿತ್ತು. ಯಾರೂ ಹೇಳಿಕೊಡದೆ, ಕೇಳದೆ, ತಾನಾಗಿಯೇ ಬಂದಿತ್ತು. ಮೇಷ್ಟ್ರಿಗೆ ತಮ್ಮ ಬಾಯಿಯ ಮೇಲೇ ಹೇಸಿಗೆಯಾಯಿತು.

ಪ್ರಸನ್ನ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದ. “ಹೋಗ್ಲಿ ಬಿಡಮ್ಮ, ಸಾರ್ ಮನೆ ತನಕ ಬಂದವ್ರೆ” ಎಂದ.

“ತಪ್ಪಿಲ್ಲ. ಲೆಕ್ಕ ಸರಿಯಾಗಿದೆ” ಎಂದರು ಮೇಷ್ಟ್ರು.

“ನಂಗೆ ಪ್ರಾಬಬಿಲಿಟಿ ಅರ್ಧ ಬಾಕಿ ಇದೆ ಸಾರ್. ಬರ್ತೀನಿ. ಆದ್ರೆ ನನ್ ಒಬ್ಬಳ ಹತ್ರ ಸರಿ ಅಂದ್ರೆ ಏನು ಬಂತು? ನಕ್ಕಿದ್ದು ಎಲ್ಲರ ಮುಂದೆ. ಈ ಲೆಕ್ಕಾನ ಬೋರ್ಡ್ ಮೇಲೆ ಹಾಕ್ತೀರಾ?”

ಮೇಷ್ಟ್ರು ತಕ್ಷಣ ಹೂಂ ಅನ್ನಲಿಲ್ಲ. ಅವರನ್ನು ಅಷ್ಟು ದೊಡ್ಡವರನ್ನಾಗಿ ಮಾಡಿ ಹೇಳುವುದು ಸುಳ್ಳಾಗುತ್ತದೆ. ವಾಕಿಂಗ್ ಸ್ನೇಹಿತನಾದ ನಚಿಕೇತನ ತಾತ ಏನೆನ್ನುತ್ತಾನೆ, ವಾಕಿಂಗ್‌ನಲ್ಲಿ ಯಾರು ಮಾತು ನಿಲ್ಲಿಸುತ್ತಾರೆ, ಬ್ಯಾಚಿನಲ್ಲಿ ಎಷ್ಟು ಜನ ಉಳಿಯುತ್ತಾರೆ, ಎಲ್ಲ ತಲೆಯಲ್ಲಿ ಓಡಿತು. “ನೋಡ್ತೀನಮ್ಮ” ಎಂದು ಎದ್ದರು. ಆಟೊ ಹತ್ತಿದಾಗ ಆ ‘ನೋಡ್ತೀನಿ’ಗೂ ನಾಚಿಕೆಯಾಯಿತು.

ಸೋಮವಾರ ಸಂಜೆ ಎಂಟೂ ಜನ ಬಂದಿದ್ದರು. ಮೇಷ್ಟ್ರು ಬೆನ್ನು ತಿರುಗಿಸಿಕೊಂಡೇ ಬೋರ್ಡಿನ ಮೇಲೆ ಬರೆಯತೊಡಗಿದರು. ‘ತಿರುಮಲೇಶ ಎಂಬ ಮೇಷ್ಟ್ರು ಎಂಟು ಮಕ್ಕಳಲ್ಲಿ ಇಬ್ಬರನ್ನು ದೂರ ಕೂರಿಸುತ್ತಾನೆ. ಐದು ಸಲವೂ ಆ ಇಬ್ಬರಲ್ಲಿ ಸಂಘಮಿತ್ರಾ ಇದ್ದಳು. ಇದು ಸುಮ್ಮನೆ ಆಗಿರುವ ಸಂಭವ ಎಷ್ಟು?’

ಯಾರೋ ಕಿಸಕ್ಕೆಂದರು. ಮೇಷ್ಟ್ರು ತಿರುಗಿದರು. ಅವರ ಮುಖ ನೋಡಿ ಆ ನಗು ಅಲ್ಲೇ ನಿಂತಿತು.

“ಮಾಡಿ. ನಾನೂ ಅವತ್ತು ನಕ್ಕೆ. ಎಲ್ಲರೂ ಮಾಡಿ” ಎಂದರು.

ಪುಟ ತಿರುಗುವ ಸದ್ದು, ಪೆನ್ನುಗಳ ಸದ್ದು. ನಚಿಕೇತ ಇಪ್ಪತ್ತೆಂಟು ಎಂದು ಬರೆದ, ಏಳು ಎಂದು ಬರೆದ, ಆಮೇಲೆ ಕೈ ನಿಲ್ಲಿಸಿ ಕಿವಿಯವರೆಗೂ ಕೆಂಪಾದ. ಉತ್ತರ ಗೊತ್ತಿದ್ದವಳು ಸಂಘಮಿತ್ರಾ ಒಬ್ಬಳೇ. ಅವಳು ಈ ಸಲ ಹೇಳಲಿಲ್ಲ. ಪೆನ್ನು ಕೆಳಗಿಟ್ಟು, ಉಳಿದವರೆಲ್ಲ ಮಾಡಿ ಮುಗಿಸಲಿ ಎಂದು ಕಾಯುತ್ತ ಕೂತಿದ್ದಳು.